ಮೇಲಿನ ಮನೆಯವರೂ ಬಿಳಿ ಗುರುತಿನ ಜೇಡವೂ

ನನ್ನ ಮಗಳು ಕುರ್‌ಆನ್ ಓದುವುದನ್ನು ಮೊದಲ ಸಲ ಪೂರ್ತಿ ಮುಗಿಸಿದಾಗ ಅವಳ ಗೆಳತಿಯರಿಗೆಂದು ಮನೆಯಲ್ಲಿ ಸಣ್ಣದೊಂದು ಊಟ ಇಟ್ಟುಕೊಂಡಿದ್ದೆ. ಶುಕ್ರವಾರ ಜುಮಾ ನಮಾಜು ಕಳೆದ ಮೇಲೆ ಮಕ್ಕಳನ್ನು ಕಳಿಸಿ ಎಂದು ಕಟ್ಟಡದ ಎಲ್ಲ ಮನೆಗಳಿಗೂ ನಾನೇ ಹೋಗಿ ಕರೆದಿದ್ದೆ. ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತು ತುಪ್ಪದನ್ನ, ಕೋಳಿ ಸುಕ್ಕ ಮಾಡಿದೆ. ಗಂಡ ಬಲೂನು ಊದಿ ಊದಿ ಕೆನ್ನೆ ನೋಯಿಸಿಕೊಂಡರು. ಮಗಳು ಹಸಿರು ಲಂಗ ತೊಟ್ಟು, ತಲೆಗೆ ಹೊಸ ಶಾಲು ಸುತ್ತಿಕೊಂಡು, ಲಿಫ್ಟ್ ಏರುವ ಸದ್ದು ಕೇಳಿದಾಗಲೆಲ್ಲ ಬಾಗಿಲಿಗೆ ಓಡುತ್ತಿದ್ದಳು. ಲಿಫ್ಟ್ ನಮ್ಮ ಮಹಡಿ ದಾಟಿ ಹೋಗುತ್ತಿತ್ತು, ಇಲ್ಲವೇ ಕೆಳಗೇ ನಿಲ್ಲುತ್ತಿತ್ತು. ಒಂದು ಮಗುವೂ ಬರಲಿಲ್ಲ.

ಮಧ್ಯಾಹ್ನ ಕಳೆದು ಅಸರ್ ನಮಾಜಿನ ಬಾಂಗ್ ಆಯಿತು. ಅವಳು ತಾನಾಗಿಯೇ ಶಾಲು ಬಿಚ್ಚಿ ಮಡಚಿ ಇಟ್ಟಳು. ಅಳಲಿಲ್ಲ. ಅತ್ತಿದ್ದರೆ ನಾನು ತಬ್ಬಿಕೊಂಡು ಸಮಾಧಾನ ಮಾಡುತ್ತಿದ್ದೆ, ನನ್ನ ಸಿಟ್ಟೂ ಅಲ್ಲಿಗೇ ಇಳಿಯುತ್ತಿತ್ತೋ ಏನೋ.

"ಉಮ್ಮ, ಅವರಿಗೆಲ್ಲ ನಮ್ಮ ಮನೆಯ ಜೇಡದ ಹೆದರಿಕೆ ಅಂತೆ. ಸ್ಕೂಲ್ ಬಸ್ಸಲ್ಲಿ ಹೇಳಿದ್ರು," ಎಂದಳು.

ಮನೆಯೊಳಗೆ ನಮ್ಮದು ಬ್ಯಾರಿ ಮಾತು. ಅವಳ ಬಾಯಲ್ಲಿ ಅದು ಅರ್ಧ ಇಂಗ್ಲಿಷು. ನಾನಿಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಆದರೆ ಆ ಮಾತು ಯಾವ ಭಾಷೆಯಲ್ಲಿ ಕೇಳಿದರೂ ನನ್ನ ಕಿವಿಗೆ ಕಾದ ಎಣ್ಣೆಯೇ.

ನಾವು ಸೌದಿಯ ಜಿದ್ದಾದ ಅಜೀಜಿಯಾ ಬಡಾವಣೆಯಲ್ಲಿ ಇರುವವರು. ನಮ್ಮ ಕಟ್ಟಡದಲ್ಲಿ ಹೆಚ್ಚಿನವರು ಕರಾವಳಿಯ ಕಡೆಯವರೇ. ನಾನು ಬಂಟ್ವಾಳದವಳು. ನಮ್ಮ ತಲೆಯ ಮೇಲಿನ ಮನೆಯವರು ಬೈಂದೂರಿನ ಕಡೆಯವರು, ಅವರ ಮನೆಮಾತು ನವಾಯತಿ. ನನ್ನ ಬ್ಯಾರಿ ಅವರಿಗೆ ಬಾರದು, ಅವರ ನವಾಯತಿ ನನಗೆ ಬಾರದು, ಹಾಗಾಗಿ ನಮ್ಮ ನಡುವೆ ಕನ್ನಡ. ಆ ಮನೆಯಾಕೆ ನನಗಿಂತ ಕೆಲವು ವರ್ಷ ದೊಡ್ಡವರು. ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ನೀನು ಎನ್ನುತ್ತಿದ್ದರು. ಕಟ್ಟಡಕ್ಕೆ ಹೊಸದಾಗಿ ಬಂದ ಹೆಂಗಸರಿಗೆ ಮೀನು ಎಲ್ಲಿ ಸಿಗುತ್ತದೆ, ಯಾವ ಡಾಕ್ಟರು ಒಳ್ಳೆಯವರು, ಯಾರ ಜೊತೆ ಮಾತಾಡಬೇಕು, ಯಾರ ಜೊತೆ ಬೇಡ ಎಂದು ಹೇಳಿಕೊಡುವುದು ಅವರೇ. ಕಾಯಿಲೆ ಬಿದ್ದವರಿಗೆ ಗಂಜಿ ಕಳಿಸುತ್ತಿದ್ದರು, ಸುಳ್ಳು ಹೇಳಬಾರದು. ಆದರೆ ಗಂಜಿ ಕುಡಿದವರು ಆಮೇಲೆ ಅವರ ಮಾತು ಮೀರುವ ಹಾಗಿರಲಿಲ್ಲ.

ನಾನು ಊರಲ್ಲಿ ಟೀಚರ್ ಆಗಿದ್ದವಳು. ಇಲ್ಲಿಗೆ ಬಂದ ಮೇಲೆ ಸಂಜೆ ಹೊತ್ತು ಕಟ್ಟಡದ ಮಕ್ಕಳನ್ನು ಹಾಲಿನ ಕಾರ್ಪೆಟ್ ಮೇಲೆ ಕೂರಿಸಿ ಪಾಠ ಹೇಳಿಕೊಡುತ್ತಿದ್ದೆ. ಮೇಲಿನ ಮನೆಯವರ ಮಗನೂ ಬರುತ್ತಿದ್ದ. ಊಟಕ್ಕೆ ಎರಡು ದಿನ ಮೊದಲು, ಬುಧವಾರ, ಅವನು ಬರೆಯುವುದು ಬಿಟ್ಟು ಕಾಲು ಕೆರೆದುಕೊಳ್ಳುತ್ತಾ ಕುಳಿತಿದ್ದ. ಚಡ್ಡಿಯ ಅಂಚಿನ ಕೆಳಗೆ, ತೊಡೆಯ ಹಿಂಬದಿಯಲ್ಲಿ, ಕೆಂಪು ದದ್ದುಗಳು ಸಾಲಾಗಿ ಎದ್ದಿದ್ದವು. ನಾನು ತಣ್ಣೀರಿನ ಬಟ್ಟೆ ಇಟ್ಟೆ. ಅಷ್ಟರಲ್ಲಿ ಕಿಟಕಿಯ ಪಕ್ಕದ ಗೋಡೆಯ ಮೇಲೆ ಒಂದು ಸಣ್ಣ ಕರಿ ಜೇಡ ಕಾಣಿಸಿತು. ಬೆರಳಿನ ಉಗುರಿಗಿಂತ ಚಿಕ್ಕದು, ಮೈಮೇಲೆ ಬಿಳಿ ಗುರುತು. ಮಕ್ಕಳು ಕೂಗಿದರು. ಜೇಡ ಎಗರಿ ಪರದೆಯ ಹಿಂದೆ ಹೋಯಿತು. ಅಷ್ಟೇ ನಡೆದದ್ದು.

ಹುಡುಗ ಮನೆಗೆ ಹೋಗಿ ಜೇಡ ಕಚ್ಚಿತು ಎಂದಿದ್ದಾನೆ. ಮಕ್ಕಳು ಹೇಳುವುದು ಹಾಗೆಯೇ, ಅವನ ಮೇಲೆ ನನಗೆ ಯಾವತ್ತೂ ಸಿಟ್ಟು ಬರಲಿಲ್ಲ. ಅವನ ತಾಯಿ ಒಂದು ಮಹಡಿ ಇಳಿದು ಬಂದು ನನ್ನನ್ನು ಕೇಳಬಹುದಿತ್ತು. ಕೇಳಲಿಲ್ಲ.

ಶುಕ್ರವಾರ ಸಂಜೆ, ಮುಟ್ಟದೆ ಉಳಿದ ತುಪ್ಪದನ್ನವನ್ನು ನಾನು ಡಬ್ಬಗಳಿಗೆ ತುಂಬುತ್ತಿದ್ದಾಗ, ಕೆಳಗಿನ ಮನೆಯ ಸಿಸ್ಟರ್ ಬಂದರು. ಮಂಗಳೂರಿನ ಕ್ಯಾಥೊಲಿಕರು, ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಅವರಿಗೆ ಮಕ್ಕಳಿಲ್ಲ, ನನ್ನ ಮಗಳಿಗೆಂದು ಒಂದು ಬಣ್ಣದ ಪೆನ್ಸಿಲ್ ಡಬ್ಬಿ ತಂದಿದ್ದರು. ಬಲೂನುಗಳನ್ನೂ ಖಾಲಿ ಹಾಲನ್ನೂ ನೋಡಿ ನಿಂತಲ್ಲೇ ನಿಂತರು.

"ನಿಮಗೆ ಗೊತ್ತಿಲ್ವಾ?" ಎಂದರು.

"ಎಂತ ಗೊತ್ತಿಲ್ಲ ಸಿಸ್ಟರ್?"

ಅವರು ಫೋನ್ ತೆಗೆದು ಒಂದು ವಾಯ್ಸ್ ಮೆಸೇಜ್ ಹಾಕಿ ಕೇಳಿಸಿದರು. ಕಟ್ಟಡದ ಹೆಂಗಸರದ್ದು ಒಂದು ವಾಟ್ಸಾಪ್ ಗುಂಪಿತ್ತು, ಅದರಲ್ಲಿ ನಾನಿದ್ದೆ. ಇದು ನನ್ನನ್ನು ಬಿಟ್ಟು ಮಾಡಿದ ಇನ್ನೊಂದು ಗುಂಪು. ಮೇಲಿನ ಮನೆಯವರ ಸ್ವರ, ಗಂಜಿ ಕಳಿಸುವಾಗಿನ ಅದೇ ಮೆತ್ತಗಿನ ಸ್ವರ: "ನೋಡಿ, ನಾನು ಯಾರ ಮೇಲೂ ಹೇಳುದಲ್ಲ. ಆದ್ರೆ ಆ ಮನೆಯಲ್ಲಿ ವಿಷದ ಜೇಡ ಉಂಟು. ನನ್ನ ಮಗನಿಗೆ ಕಚ್ಚಿದೆ. ಗುಡಿಸದೆ ಒರೆಸದೆ ಇಟ್ರೆ ಮತ್ತೆ ಎಂತ ಬರ್ತದೆ? ಅವಳಿಗೆ ಪಾಠ ಹೇಳ್ಲಿಕ್ಕೆ ಪುರುಸೊತ್ತು ಉಂಟು, ಮನೆ ನೋಡ್ಲಿಕ್ಕೆ ಇಲ್ಲ. ಶುಕ್ರವಾರ ನಿಮ್ಮ ನಿಮ್ಮ ಮಕ್ಕಳನ್ನ ಕಳ್ಸುದು ಬಿಡುದು ನಿಮಗೆ ಬಿಟ್ಟದ್ದು." ಕೆಳಗೆ ಎಲ್ಲಿಂದಲೋ ತೆಗೆದು ಹಾಕಿದ ಒಂದು ಚಿತ್ರ. ಕರಿ ಜೇಡ, ಮೈಮೇಲೆ ಬಿಳಿ ಗೆರೆಗಳು, ಅಡಿಯಲ್ಲಿ ಕೆಂಪಕ್ಷರದಲ್ಲಿ ಬ್ಲ್ಯಾಕ್ ವಿಡೋ ಎಂದು.

ಸಿಸ್ಟರ್ ಹೋದ ಮೇಲೆ ನಾನು ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ನನ್ನ ನೆಲ ಅಷ್ಟು ಚೊಕ್ಕ ಇತ್ತು ಎಂದರೆ ನನ್ನ ಮುಖದ ನೆರಳು ಅದರಲ್ಲಿ ಕಾಣುತ್ತಿತ್ತು. ಅದನ್ನು ನೋಡುತ್ತಾ ಮನಸ್ಸಿನಲ್ಲೇ ಹೇಳಿಕೊಂಡೆ: ಅವಳ ತಲೆ ತಗ್ಗಿಸದೆ ನಾನು ಬಿಡುವುದಿಲ್ಲ. ಅಕ್ಕ ಎನ್ನುವುದು ಅಂದಿಗೆ ಬಿಟ್ಟುಹೋಯಿತು. ಎದುರಿಗೆ ಅಕ್ಕ ಅಂದರೂ ಒಳಗೆ ಅವಳು ಎಂದೇ.

ಗಂಡನಿಗೆ ಹೇಳಿದರೆ, "ಬಿಡು ಮಾರಾಯ್ತಿ. ಪರವೂರಲ್ಲಿ ಬದುಕುವವರು ನಾವು. ನಾಲ್ಕು ದಿನ ಕಳೆದ್ರೆ ಎಲ್ಲ ಮರೀತಾರೆ," ಎಂದರು.

"ಮರೀಲಿಕ್ಕೆ ಅಲ್ಲ ನಾನು ಇರುದು," ಎಂದೆ.

ಮರುದಿನ ಕಟ್ಟಡದ ಹಾರಿಸ್ ಬಂದ. ಬಾಗಿಲು ಕಾಯುವುದು, ನೀರು ಬಿಡುವುದು, ಮಾಲೀಕನಿಗೆ ಸುದ್ದಿ ಮುಟ್ಟಿಸುವುದು ಅವನ ಕೆಲಸ. ಕೈಯಲ್ಲಿ ಔಷಧದ ಪಂಪು. ನಮ್ಮ ಮನೆಯಲ್ಲಿ ಹುಳ ಆಗಿದೆಯಂತೆ, ಹೊಡೆಸದಿದ್ದರೆ ಮನೆ ಬಿಡಬೇಕಾದೀತು ಎಂದು ಮಾಲೀಕ ಹೇಳಿದ್ದಾನಂತೆ. ದೂರು ಕೊಟ್ಟವರು ಯಾರೆಂದು ಕೇಳಿದೆ. ಅವನು ಮಾತಾಡದೆ ಬೆರಳೆತ್ತಿ ಮೇಲೆ ತೋರಿಸಿದ. ನಾನು ಅವನನ್ನು ಒಳಗೆ ಬಿಡಲಿಲ್ಲ. ಒಂದು ವಾರ ಸಮಯ ಕೇಳಿ ಕಳಿಸಿದೆ.

ಆ ಜೇಡ ಸಿಕ್ಕಿದ್ದು ಅದರ ಮಾರನೆಯ ಬೆಳಿಗ್ಗೆ, ಸಿಂಕಿನ ಮೇಲಿನ ಕಿಟಕಿಯಲ್ಲಿ. ನಿಜ ಹೇಳುತ್ತೇನೆ, ಮೊದಲು ಕೈಗೆ ಬಂದದ್ದು ಚಪ್ಪಲಿ. ನನ್ನ ಮಗಳ ಖುಷಿಯನ್ನು ತಿಂದುಹಾಕಿದ್ದು ಇದೇ ಎಂದು ಕೈ ಎತ್ತಿಯೂ ಇದ್ದೆ. ಆಗ ಅದು ಮುಂಭಾಗವನ್ನಷ್ಟೇ ತಿರುಗಿಸಿ ನನ್ನನ್ನು ನೋಡಿತು. ಜೇಡ ತಲೆ ಎತ್ತಿ ಮನುಷ್ಯರನ್ನು ನೋಡುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕರುಣೆ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಬಂದದ್ದು ಬೇರೆ ಯೋಚನೆ. ಇದು ಸತ್ತರೆ ನನ್ನ ಸಾಕ್ಷಿಯೇ ಸತ್ತಂತೆ. ಚಪ್ಪಲಿ ಕೆಳಗಿಟ್ಟು, ಒಂದು ಗಾಜಿನ ಲೋಟ ಕವುಚಿ ಹಾಕಿ, ಅಡಿಯಿಂದ ಯಾರದೋ ಮದುವೆಯ ಕಾಗದ ತೂರಿಸಿ, ತೊಳೆದಿಟ್ಟ ಉಪ್ಪಿನಕಾಯಿ ಬಾಟಲಿಗೆ ಇಳಿಸಿದೆ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದೆ.

ಫೋಟೋ ತೆಗೆದು ಫೇಸ್‌ಬುಕ್ಕಿನಲ್ಲಿ ಜೇಡ ಗುರುತಿಸುವವರ ಒಂದು ಗುಂಪಿಗೆ ಹಾಕಿದೆ. ಸಣ್ಣ ಕರಿ ಜೇಡ, ಬಿಳಿ ಗುರುತು, ಜಿದ್ದಾ, ಮನೆಯೊಳಗೆ ಸಿಕ್ಕಿದ್ದು, ಇದು ವಿಷದ್ದಾ, ಎಂದು ಬರೆದೆ. ಮನೆಗೆ ಬೆಂಕಿ ಹಚ್ಚಿ ಓಡಿ ಎಂದು ಒಬ್ಬ. ಚೂಯಿಂಗ್ ಗಮ್ ಇರಬೇಕು ಎಂದು ಇನ್ನೊಬ್ಬ, ಅಷ್ಟು ಮಸುಕಾಗಿತ್ತು ಫೋಟೋ. ಒಬ್ಬಾಕೆ ಖಂಡಿತ ಬ್ಲ್ಯಾಕ್ ವಿಡೋ ಎಂದಳು. ಆಮೇಲೆ ಒಬ್ಬರು, ಯಾವ ದೇಶದವರೋ ತಿಳಿಯದು, ಪ್ರಶ್ನೆಗಳನ್ನಷ್ಟೇ ಕೇಳಿದರು. ಇದು ಬಲೆ ಕಟ್ಟಿ ತಲೆಕೆಳಗಾಗಿ ನೇತಾಡುತ್ತಿತ್ತೋ, ಗೋಡೆಯ ಮೇಲೆ ಓಡಾಡುತ್ತಿತ್ತೋ? ನಡೆಯುತ್ತದೋ, ಎಗರುತ್ತದೋ? ಕಾಲು ಉದ್ದ ತೆಳುವೋ, ಗಿಡ್ಡ ದಪ್ಪವೋ? ಮುಖದ ಕಡೆಯಿಂದ ಫೋಟೋ ಉಂಟೋ?

ಹಗಲಿಡೀ ಬಾಟಲಿಯ ಮುಂದೆ ಕುಳಿತೆ. ಗಂಡನ ಹಳೆಯ ಭೂತಗನ್ನಡಿ ಹುಡುಕಿ ತೆಗೆದೆ. ಹೊಟ್ಟೆಯ ಮುಂಭಾಗದಲ್ಲಿ ಎಳೆಚಂದ್ರನ ಹಾಗೆ ಬಾಗಿದ ಒಂದು ಬಿಳಿ ಪಟ್ಟಿ. ಅದರ ಹಿಂದೆ ಎರಡು ಬಿಳಿ ಚುಕ್ಕೆ. ಬಾಯಿಯ ಎರಡೂ ಬದಿಯಲ್ಲಿ ಸಣ್ಣ ಕೈಗಳ ಹಾಗಿನ ಎರಡು ಅಂಗ, ತುದಿ ಬಿಳಿ. ಅವನ್ನು ಬಿಡದೆ ಮೇಲೆ ಕೆಳಗೆ ಆಡಿಸುತ್ತಿತ್ತು, ನಮಾಜಿಗೆ ಮೊದಲು ವುಜೂ ಮಾಡುವವರು ಕೈ ತೊಳೆದ ಹಾಗೆ. ಕಾಲು ಗಿಡ್ಡ. ಮುಖದ ತುಂಬ ಕಣ್ಣು, ನಡುವಿನ ಎರಡು ಕಾರಿನ ದೀಪದಷ್ಟು ಎದ್ದು ಕಾಣುತ್ತಿದ್ದವು. ಬಾಟಲಿಗೆ ಒಂದು ಸೊಳ್ಳೆ ಬಿಟ್ಟೆ. ಮೆಲ್ಲನೆ ಹೊಂಚಿ ಹೋಗಿ, ಒಂದೇ ನೆಗೆತಕ್ಕೆ ಹಿಡಿಯಿತು. ಅಬ್ಬ, ಎಂದುಕೊಂಡೆ. ಹೀಗೆ ಹಿಡಿಯಬೇಕು.

ಎಲ್ಲವನ್ನೂ ಬರೆದು, ಮುಖದ ಫೋಟೋ ಹಾಕಿದೆ. ಉತ್ತರ ಬಂತು. ಇದು ಜಿಗಿಯುವ ಜೇಡ. ಬೆಚ್ಚಗಿನ ಊರುಗಳಲ್ಲೆಲ್ಲ ಮನೆಯೊಳಗೇ ಬಾಳುವ ಜಾತಿ, ಇದು ಬೆಳೆದ ಗಂಡು. ಬಲೆ ಕಟ್ಟಿ ಬೇಟೆಯಾಡುವುದಿಲ್ಲ, ಸೊಳ್ಳೆ, ನೊಣ, ಜಿರಳೆ ಮರಿ ತಿನ್ನುತ್ತದೆ. ಮನುಷ್ಯರಿಗೆ ಇದರಿಂದ ಅಪಾಯ ಇಲ್ಲ. ಸಿಕ್ಕಿಸಿ ಹಿಂಡಿದರೆ ಹೊರತು ಕಚ್ಚುವುದಿಲ್ಲ. ವಿಷದ ಜೇಡದ ಮರಿಗಳಿಗೂ ಬಿಳಿ ಗೆರೆ ಇರುತ್ತದೆ, ಅದಕ್ಕೇ ಜನ ಗಲಿಬಿಲಿ ಮಾಡಿಕೊಳ್ಳುತ್ತಾರೆ. ಆದರೆ ಅದರ ಹೊಟ್ಟೆ ಗುಂಡಗೆ ಹೊಳೆಯುತ್ತದೆ, ಕಾಲು ಉದ್ದ ತೆಳು, ಮೂಲೆಯಲ್ಲಿ ಸಿಕ್ಕುಸಿಕ್ಕಾದ ಬಲೆಯಲ್ಲಿ ನೇತಾಡುತ್ತದೆ, ಹೀಗೆ ಹಗಲಲ್ಲಿ ಗೋಡೆ ಮೇಲೆ ಜಿಗಿದಾಡುವುದಿಲ್ಲ. ಗುಂಪಿನ ಇನ್ನೂ ಕೆಲವರು ಬಂದು ಹೌದು ಹೌದು ಎಂದರು. ಸೇಡಿಗೆ ಕಲಿತ ವಿದ್ಯೆ ಬೇಗ ತಲೆಗೆ ಹತ್ತುತ್ತದೆ. ಸಂಜೆಯೊಳಗೆ ಎರಡರ ವ್ಯತ್ಯಾಸವೂ ನನಗೆ ಬಾಯಿಪಾಠ.

ಬಾಟಲಿ ಹಿಡಿದು ಸಿಸ್ಟರ್ ಮನೆಗೆ ಹೋದೆ. ಅವರು ನೋಡಿ ನಕ್ಕರು. ಹುಡುಗನ ದದ್ದು ಹೇಗಿತ್ತು ಎಂದು ವಿಚಾರಿಸಿದರು. ಸಾಲಾಗಿ ಇತ್ತು, ತೊಡೆಯ ಹಿಂದೆ, ಎಂದೆ.

"ಜೇಡ ಸಾಲು ಹಿಡಿದು ಕಚ್ಚುವುದಿಲ್ಲ. ಸಾಲಾಗಿ ಎದ್ರೆ ನಾವು ಮೊದಲು ಕೇಳುದು ತಿಗಣೆ ಉಂಟಾ ಅಂತ," ಎಂದರು ಸಿಸ್ಟರ್. "ಚಡ್ಡಿ ಹಾಕಿ ಎಲ್ಲಿಯೋ ಕೂತಲ್ಲಿ ಕಚ್ಚಿರ್ಬೇಕು. ಮಂಚವೋ, ಸೋಫಾವೋ."

ಸೋಫಾ! ಮೇಲಿನ ಮನೆಯಲ್ಲಿ ಹೊಸದಾಗಿ ಬಂದ ಮೆರೂನ್ ಬಣ್ಣದ ದೊಡ್ಡ ಸೋಫಾ ಇತ್ತು. ಹೊಸದಾಗಿ ಎಂದರೆ ಅವರಿಗೆ ಹೊಸತು. ಊರಿಗೆ ಹೋಗಿಬಿಟ್ಟ ಯಾವುದೋ ಮನೆಯವರದ್ದನ್ನು ಹಳೆ ಸಾಮಾನಿನ ಸಂತೆಯಿಂದ ತಂದದ್ದು. ಅದು ಬಂದ ದಿನ ನಮ್ಮನ್ನೆಲ್ಲ ಕರೆದು ಕೂರಿಸಿ ತೋರಿಸಿದ್ದಳು.

ಸಿಸ್ಟರ್ ನನ್ನ ಮುಖ ನೋಡಿ, "ಹೋಗಿ ಮೆಲ್ಲ ಅವರಿಗೆ ಹೇಳಿ, ಆಯ್ತಾ? ಪಾಪ, ಆ ಮಗು ಕೆರೆದುಕೊಳ್ತಾ ಉಂಟು," ಎಂದರು.

"ಹೇಳ್ತೇನೆ," ಎಂದೆ. ಮೆಲ್ಲ ಹೇಳುತ್ತೇನೆ ಎನ್ನಲಿಲ್ಲ.

ದೇವರು ಬೇಗ ದಾರಿ ಮಾಡಿಕೊಟ್ಟ. ಮೇಲಿನ ಮನೆಯವಳ ತಂಗಿಯ ಮದುವೆ ನಿಶ್ಚಯವಾಗಿತ್ತು. ಹಳೆಯ ಗುಂಪಿನಲ್ಲಿ, ನಾನೂ ಇದ್ದ ಗುಂಪಿನಲ್ಲಿ, ಶನಿವಾರ ಅಸರ್ ಆದ ಮೇಲೆ ಎಲ್ಲರೂ ಚಾಕ್ಕೆ ಬನ್ನಿ ಎಂದು ಬರೆದಳು. ಎಲ್ಲರೂ ಎಂದರೆ ನಾನೂ ಸೇರಿದೆ. ಒಳ್ಳೆಯ ಅಬಾಯಾ ಹಾಕಿಕೊಂಡೆ, ಅತ್ತರು ಪೂಸಿಕೊಂಡೆ, ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಂಡೆ. ಗಂಡ ಕೇಳಿದ್ದಕ್ಕೆ ಮುಬಾರಕ್ ಹೇಳಿ ಬರುತ್ತೇನೆ ಎಂದೆ.

ಒಳಗೆ ಕಾಲಿಟ್ಟಾಗ ಮಾತು ನಿಂತಿತು. ಅವಳು ಮಾತ್ರ ಸಾವರಿಸಿಕೊಂಡು, "ಬಾ ಬಾ, ಕೂತ್ಕೋ," ಎಂದಳು. ಅವಳು ಸೋಫಾದ ನಡುವೆ ಕುಳಿತಿದ್ದಳು, ಎರಡೂ ಕಡೆ ಹೆಂಗಸರು. ನಾನು ಎದುರಿನ ಕುರ್ಚಿಯಲ್ಲಿ ಕುಳಿತು, ಚಾ ಕುಡಿದು, ಮುಬಾರಕ್ ಹೇಳಿದೆ. ಆಮೇಲೆ ಬಾಟಲಿ ತೆಗೆದು ಸಮೋಸದ ತಟ್ಟೆಯ ಪಕ್ಕದಲ್ಲಿಟ್ಟೆ.

"ಯಾ ಅಲ್ಲಾಹ್! ತೆಗಿ ಅದನ್ನ!" ಎಂದು ಕಿರುಚಿದಳು.

"ಮುಚ್ಚಳ ಉಂಟಲ್ಲ ಅಕ್ಕ, ಹೆದರ್ಬೇಡಿ. ನನ್ನ ಮನೆಯ ವಿಷದ ಜೇಡ ಅಂತ ನೀವು ಎಲ್ಲರಿಗೂ ಹೇಳಿದ್ದು ಇದೇ ಅಲ್ವಾ? ನೋಡದವರೂ ನೋಡ್ಲಿ."

ನನ್ನನ್ನು ಬಿಟ್ಟು ಮಾಡಿದ ಗುಂಪಿನ ಮಾತು ನನಗೆ ಮುಟ್ಟಿದೆ ಎಂದು ಎಲ್ಲರಿಗೂ ಒಂದೇ ಸಲ ತಿಳಿಯಿತು. ಒಬ್ಬೊಬ್ಬರೂ ತಮ್ಮ ಚಾ ಲೋಟವನ್ನೇ ನೋಡತೊಡಗಿದರು. ಅವರಲ್ಲಿ ಪ್ರತಿಯೊಬ್ಬಳ ಮಗಳಿಗೂ ನಾನು ಮಗ್ಗಿ ಹೇಳಿಕೊಟ್ಟಿದ್ದೆ. ನಾನು ಟೀಚರ್ ಸ್ವರದಲ್ಲೇ ಶುರು ಮಾಡಿದೆ. ಕಣ್ಣು ನೋಡಿ, ಕಾಲು ನೋಡಿ, ಬಿಳಿ ಪಟ್ಟಿ ನೋಡಿ. ನೀವು ಹಾಕಿದ ಚಿತ್ರದಲ್ಲಿರುವುದರ ಹೊಟ್ಟೆ ನೋಡಿ, ಇದರ ಹೊಟ್ಟೆ ನೋಡಿ. ಫೋನಿನಲ್ಲಿ ಗುಂಪಿನವರ ಉತ್ತರಗಳನ್ನು ಓದಿ ಹೇಳಿದೆ. ಕೆಲವರು ಬಗ್ಗಿ ನೋಡಿದರು. ಒಬ್ಬಳು, "ಹೌದಲ್ಲ, ನಮ್ಮ ಬಾತ್‌ರೂಮಲ್ಲೂ ಇಂಥದ್ದು ಉಂಟು," ಎಂದುಬಿಟ್ಟಳು.

ಮೇಲಿನ ಮನೆಯವಳ ಮುಖ ಬಿಗಿಯಿತು. ಅಲ್ಲಿಗೇ ಸುಮ್ಮನಾಗಿದ್ದರೆ ನಾನೂ ಎದ್ದು ಹೋಗುತ್ತಿದ್ದೆನೋ ಏನೋ. ಗೊತ್ತಿಲ್ಲ. ಆದರೆ ಅವಳು ಗದ್ದ ಎತ್ತಿ, "ಮತ್ತೆ ನನ್ನ ಮಗನಿಗೆ ಕಚ್ಚಿದ್ದು ಎಂತ? ಗಾಳಿಯಾ?" ಎಂದಳು.

"ಅದನ್ನೂ ತೋರಿಸ್ತೇನೆ. ಸ್ವಲ್ಪ ಏಳಿ ಅಕ್ಕ."

ಅವಳು ಏಳಲಿಲ್ಲ. ಪಕ್ಕದಲ್ಲಿದ್ದವಳು ಎದ್ದಳು. ಆ ಜಾಗದಲ್ಲಿ, ಸೀಟು ಬೆನ್ನಿಗೆ ಕೂಡುವ ಹೊಲಿಗೆಯ ಉದ್ದಕ್ಕೂ ಕಪ್ಪು ಶಾಯಿ ಚಿಮುಕಿಸಿದ ಹಾಗೆ ಚುಕ್ಕೆಗಳಿದ್ದವು. ಒಂದು ಹಳೆಯ ಎಟಿಎಂ ಕಾರ್ಡ್ ತೆಗೆದು ಹೊಲಿಗೆಯೊಳಗೆ ತೂರಿಸಿ ಎಳೆದೆ. ಅಡಿಗೆ ಬಿಳಿ ಟಿಶ್ಯೂ ಕಾಗದ ಹಿಡಿದಿದ್ದೆ. ಮೊದಲ ಎಳೆತಕ್ಕೆ ಧೂಳು ಬಂತು, ಬಿಸ್ಕೆಟ್ ಚೂರು ಬಂತು. ಎರಡನೆಯ ಎಳೆತಕ್ಕೆ ಉದುರಿದವು. ಚಪ್ಪಟೆ, ಕಂದು, ಅಗಸೆ ಬೀಜದ ಹಾಗೆ. ಬಿಳಿ ಕಾಗದದ ಮೇಲೆ ಅವು ಎಲ್ಲ ದಿಕ್ಕಿಗೂ ಓಡಿದವು. ಒಂದು ಕುಡಿದು ತುಂಬಿ ಉಬ್ಬಿತ್ತು. ಬೆರಳಲ್ಲಿ ಒತ್ತಿದೆ, ಕಾಗದ ಕೆಂಪಾಯಿತು.

"ಇದು ತಿಗಣೆ," ಎಂದೆ. "ಇದನ್ನ ಗುರುತಿಸ್ಲಿಕ್ಕೆ ಯಾರನ್ನೂ ಕೇಳ್ಬೇಕು ಅಂತ ಇಲ್ಲ. ಈ ರಕ್ತ ನಿಮ್ಮ ಮಗನದ್ದಾ, ನಿಮ್ಮದಾ, ಅದು ನನಗೆ ಗೊತ್ತಿಲ್ಲ."

ಆಮೇಲಿನದನ್ನು ನಾನು ಎಷ್ಟೋ ಸಲ ನೆನೆಸಿಕೊಂಡು ಸವಿದಿದ್ದೇನೆ. ಸೋಫಾದಲ್ಲಿದ್ದವರೆಲ್ಲ ಒಟ್ಟಿಗೆ ಎದ್ದರು. ಒಬ್ಬಳ ಚಾ ಚೆಲ್ಲಿತು. ಅಬಾಯಾ ಕೊಡವುವವರು, ಮಗುವಿನ ಕಾಲು ನೋಡುವವರು, ಚಪ್ಪಲಿ ಹುಡುಕುವವರು. ಮುಬಾರಕ್ ಎಂದು ಹೇಳಲೂ ಯಾರೂ ನಿಲ್ಲಲಿಲ್ಲ. ಸೋಫಾದಲ್ಲಿ ಅವಳೊಬ್ಬಳೇ ಉಳಿದಳು. ನಾನು ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಂಡು, ಉಳಿದಿದ್ದ ಸಮೋಸ ತಿಂದು ಮುಗಿಸಿ, ಸಲಾಂ ಹೇಳಿ ಇಳಿದು ಬಂದೆ. ಆ ಸಮೋಸ ಬಹಳ ರುಚಿಯಾಗಿತ್ತು.

ಸಂಜೆಗೆ ಸುದ್ದಿ ಗಂಡನಿಗೂ ಮುಟ್ಟಿತು.

"ಅವರೊಬ್ಬರೇ ಇರುವಾಗ ಹೇಳ್ಬಹುದಿತ್ತಲ್ಲ ನೀನು," ಎಂದರು.

"ನಾನೊಬ್ಬಳೇ ಇರುವಾಗ ಅವಳೂ ಹೇಳ್ಬಹುದಿತ್ತು."



ಜೇಡವನ್ನು ಸಿಂಕಿನ ಕಿಟಕಿಯಲ್ಲಿ ಬಿಟ್ಟೆ. ಹಾರಿಸ್ ಮತ್ತೆ ನಮ್ಮ ಬಾಗಿಲಿಗೆ ಬರಲಿಲ್ಲ. ಇನ್ನಿಬ್ಬರ ಹೆಗಲು ಸೇರಿಸಿ ಆ ಸೋಫಾವನ್ನು ಅವನೇ ಬೀದಿಗೆ ಇಳಿಸಿದ. ಮೆಟ್ಟಿಲಲ್ಲಿ ಅದು ನಮ್ಮ ಬಾಗಿಲ ಮುಂದೆಯೇ ಸಿಕ್ಕಿಕೊಂಡಿತು, ನಾನು ಬಾಗಿಲು ತೆರೆದಿಟ್ಟು ನೋಡಿದೆ. ಗುಂಪಿನಲ್ಲಿ ಅವಳ ಮಾತಿಗೆ ಯಾರೂ ಉತ್ತರ ಬರೆಯುತ್ತಿರಲಿಲ್ಲ. ಅವಳ ಮಗನನ್ನು ಯಾವ ಮನೆಗೂ ಆಡಲು ಕರೆಯುತ್ತಿರಲಿಲ್ಲ. ಅದು ನನಗೆ ಚುಚ್ಚಿತು, ಒಪ್ಪಿಕೊಳ್ಳುತ್ತೇನೆ, ಆದರೆ ತಾಯಿಗೆ ಆದದ್ದು ಸಾಕಾಯಿತು ಎಂದು ಅನ್ನಿಸಲಿಲ್ಲ. ನನ್ನ ಮಗಳಿಗೆ ಈಗ ಎಲ್ಲ ಮನೆಯಿಂದಲೂ ಉಡುಗೊರೆ ಬರತೊಡಗಿತ್ತು. ಅವಳು ಯಾವುದನ್ನೂ ಬಿಚ್ಚದೆ ಕಪಾಟಿನ ಮೇಲೆ ಇಟ್ಟಳು. ಮತ್ತೊಮ್ಮೆ ಎಲ್ಲರನ್ನೂ ಕರೆಯೋಣವಾ ಎಂದು ಕೇಳಿದರೆ, "ಬೇಡ ಉಮ್ಮ," ಎಂದು ಹೋಂವರ್ಕ್ ಬರೆಯಲು ಕುಳಿತಳು. ಆ ಒಂದು ಬೇಡ ನನ್ನ ಹೊಟ್ಟೆಯ ಕೆಂಡಕ್ಕೆ ಮತ್ತೆ ಗಾಳಿ ಹಾಕಿತು.

ಕೆಲವು ವಾರ ಕಳೆದು, ಒಂದು ಗುರುವಾರ ಮಧ್ಯಾಹ್ನ ಬೀದಿಯ ಬಖಾಲಾ ಅಂಗಡಿಯಿಂದ ಹಾಲು ತರುವಾಗ ಹಾರಿಸ್ ಸಿಕ್ಕಿದ. ಅವನು ನಗುತ್ತಾ, ಸೋಫಾ ಹೋದರೂ ತಿಗಣೆ ಹೋಗಿಲ್ಲ, ನಿಮ್ಮ ಮೇಲಿನವರು ತಾಯಿಫ್ ಊರಿಗೆ ಹೊರಟಿದ್ದಾರೆ, ಮನೆಯೊಳಗೆ ಗುಳಿಗೆ ಇಟ್ಟು ಬಾಗಿಲು ಹಾಕಿ ಹೋಗುತ್ತಾರಂತೆ, ಬರುವಷ್ಟರಲ್ಲಿ ತಿಗಣೆ ಎಲ್ಲ ಖಲಾಸ್, ಎಂದ.

"ಎಂಥ ಗುಳಿಗೆ?" ಎಂದು ಹಿಂದಿಯಲ್ಲಿ ಕೇಳಿದೆ.

ಗೋದಾಮಿನಲ್ಲಿ ಧಾನ್ಯಕ್ಕೆ ಹುಳ ಬೀಳದಂತೆ ಇಡುವಂಥದ್ದು, ಯಾರೋ ಗುಟ್ಟಾಗಿ ತಂದುಕೊಟ್ಟಿದ್ದಾರೆ, ಎಂದ.

ಆ ಗುಳಿಗೆಯ ಸಂಗತಿ ಇಲ್ಲಿರುವ ನಮಗೆಲ್ಲ ಗೊತ್ತು. ಅದರಿಂದ ಏಳುವ ವಿಷದ ಗಾಳಿ ಭಾರ, ಕೆಳಗಿಳಿಯುತ್ತದೆ; ಪಕ್ಕದ ಮನೆ, ಕೆಳಗಿನ ಮನೆ ಎಂದು ನೋಡುವುದಿಲ್ಲ. ಮಲಗಿದ್ದ ಮಕ್ಕಳು ಏಳದೆ ಹೋದ ಕಥೆಗಳನ್ನು ಕೇಳಿದ್ದೆ. ಅವರ ಬಾತ್‌ರೂಮಿನ ಗಾಳಿಕಿಂಡಿಯೂ ನಮ್ಮದೂ ಒಂದೇ ಕೊಳವೆಗೆ. ಕೆಳಗೆ ನನ್ನ ಮಗಳು ಮಲಗುತ್ತಾಳೆ.

ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದೆ. ಬಾಗಿಲು ಅರ್ಧ ತೆರೆದಿತ್ತು, ಬ್ಯಾಗುಗಳು ಹೊರಗಿದ್ದವು. ಅವಳು ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಒಂದು ಅಲ್ಯೂಮಿನಿಯಂ ಸೀಸೆಯ ಮುಚ್ಚಳ ತಿರುಗಿಸಲು ಹೊರಟಿದ್ದಳು.

"ಮುಟ್ಬೇಡಿ! ಅದನ್ನ ಕೆಳಗಿಡಿ," ಎಂದು ಕೂಗಿದೆ.

"ನಿನಗೆಂತ? ಇದನ್ನೂ ಎಲ್ಲರ ಎದುರು ತೋರಿಸ್ಲಿಕ್ಕೆ ಬಂದದ್ದಾ?"

"ನನ್ನ ಮಗು ಕೆಳಗೆ ಮಲಗ್ತದೆ. ಇದು ತೆರೆದ್ರೆ ಅವಳು ಸಾಯ್ತಾಳೆ. ನಾಳೆ ನೀವು ಬಂದು ಬಾಗಿಲು ತೆರೆದ್ರೆ ನಿಮ್ಮ ಮಗನೂ ಸಾಯ್ತಾನೆ. ಅದರ ಮೇಲೆ ಎಂತ ಬರೆದದ್ದು ಓದಿದ್ದೀರಾ?"

ಅವಳು ಸೀಸೆ ತಿರುಗಿಸಿ ನೋಡಿದಳು. ತಲೆಬುರುಡೆಯ ಚಿತ್ರ ಯಾವ ಭಾಷೆಯೂ ಬೇಡದೆ ಓದಿಸಿಕೊಂಡಿತು. ಸೀಸೆ ಕೆಳಗಿಟ್ಟು ಅಲ್ಲೇ ಗೋಡೆಗೆ ಒರಗಿ ಅತ್ತಳು. "ಮೈಯೆಲ್ಲ ಕೆರೀತದೆ. ಮಗ ಮಲಗುದಿಲ್ಲ. ಯಾರೂ ಮನೆಗೆ ಬರುದಿಲ್ಲ. ನಾನೆಂತ ಮಾಡ್ಲಿ ಹೇಳು?"

ನನಗೆ ಏನು ಮಾಡಬೇಕೆಂದು ಗೊತ್ತಿತ್ತು. ತಿಗಣೆಯ ಬಗ್ಗೆ ಆಮೇಲೆ ಕೇಳಿದ್ದಾಗ ಜೇಡದ ಗುಂಪಿನ ಆ ಮನುಷ್ಯರೇ ಬರೆದಿದ್ದರು. ಆದರೆ ಹೇಳುವ ಮೊದಲು ನನ್ನ ಬೆಲೆ ಹೇಳಿದೆ.

"ನೀವು ಆ ಗುಂಪಲ್ಲಿ ನನ್ನ ಮನೆಯ ಬಗ್ಗೆ ಮಾತಾಡಿದ್ರಲ್ಲ, ಅದೇ ಗುಂಪಲ್ಲಿ, ಅದೇ ಸ್ವರದಲ್ಲಿ, ತಪ್ಪಾಯ್ತು ಅಂತ ಹೇಳಿ. ನನಗೆ ಅಲ್ಲ, ನನ್ನ ಮಗಳಿಗೆ. ಈಗ, ನನ್ನ ಎದುರೇ."

"ನೀನು ಇಷ್ಟು ಗಟ್ಟಿ ಮನಸ್ಸಿನವಳು ಅಂತ ಗೊತ್ತಿರ್ಲಿಲ್ಲ," ಎಂದಳು. ಆಮೇಲೆ ಫೋನ್ ಬಾಯಿಯ ಹತ್ತಿರ ಹಿಡಿದು ಹೇಳಿದಳು. ಮೂಗು ಸೊರಗುಟ್ಟುತ್ತಾ, ಒಂದು ಕಡೆ ತಡವರಿಸುತ್ತಾ, ಆದರೆ ಪೂರ್ತಿ ಹೇಳಿದಳು. ಕಳಿಸಿದ ಗುರುತು ಬಿದ್ದದ್ದನ್ನು ಕಂಡ ಮೇಲೆಯೇ ನಾನು ಬಾಯಿ ತೆರೆದೆ. ಬಟ್ಟೆ, ಹಾಸಿಗೆ ಹೊದಿಕೆ ಎಲ್ಲ ಕುದಿನೀರಲ್ಲಿ ಹಾಕಿ. ಮಂಚದ ಸಂದುಗಳಿಗೆ ಬಿಸಿ ಆವಿ ಹೊಡೆಯುವ ಮೆಷಿನ್ ಹಿಡಿಸಿ. ಬಲದಿಯಾದ, ಅಂದರೆ ನಗರಸಭೆಯ, ಪರವಾನಗಿ ಇದ್ದವರನ್ನೇ ಕರೆಸಿ, ಒಂದು ಸಲಕ್ಕೆ ಹೋಗುವುದಿಲ್ಲ, ಮತ್ತೆ ಬರಲು ಹೇಳಿ. ಸೀಸೆಯನ್ನು ಚೀಲದಲ್ಲಿ ಸುತ್ತಿ ಹಾರಿಸ್ ಕೈಗೆ ಕೊಟ್ಟು, ತಂದವನಿಗೇ ಹಿಂದಿರುಗಿಸು, ಇಲ್ಲವಾದರೆ ಮಾಲೀಕನಿಗೆ ಹೇಳುತ್ತೇನೆ ಎಂದು ಗದರಿಸಿದೆ. ಅವನು ತೆಗೆದುಕೊಂಡು ಹೋಗುವವರೆಗೂ ಮೆಟ್ಟಿಲಲ್ಲಿ ನಿಂತಿದ್ದೆ.

ಅವಳ ಮನೆ ತಿಗಣೆಯಿಂದ ಬಿಡುಗಡೆಯಾಯಿತು. ಮಕ್ಕಳು ಪಾಠಕ್ಕೆ ಮರಳಿದರು. ಅವಳ ಮಗನೂ ಬಂದ. ಅವನನ್ನು ಕರೆದುಕೊಂಡು ಬಂದದ್ದು ನನ್ನ ಮಗಳೇ, ಕೈ ಹಿಡಿದು. ಅವನಿಗೆ ಪಾಠ ಹೇಳಿಕೊಡುವಾಗ ನಾನು ಬೇರೆ ಮಕ್ಕಳಿಗಿಂತ ಕಡಿಮೆ ಮಾಡಿಲ್ಲ. ಅವಳು ಲಿಫ್ಟಿನಲ್ಲಿ ಸಿಕ್ಕಿ ಸಲಾಂ ಹೇಳಿದರೆ ಉತ್ತರ ಕೊಡುತ್ತಿದ್ದೆ, ಅದು ಕರ್ತವ್ಯ. ಅದರಾಚೆ ಒಂದು ಮಾತೂ ಇಲ್ಲ. ಆರೋಗ್ಯವಾ ಎಂದು ಅವಳು ಕೇಳುತ್ತಿದ್ದಳು, ನಾನು ಲಿಫ್ಟಿನ ಗುಂಡಿ ನೋಡುತ್ತಿದ್ದೆ. ಇದನ್ನು ನೋಡಿದವರು ನನಗೆ ಬುದ್ಧಿ ಹೇಳಿದರು. ಸಿಸ್ಟರ್ ಅಂತೂ, "ಸಾಕು ಮಾರಾಯ್ತಿ, ಇನ್ನು ಬಿಟ್ಟುಬಿಡಿ," ಎಂದು ಕೈ ಹಿಡಿದು ಹೇಳಿದರು. ಅವರು ಒಳ್ಳೆಯವರು. ನನಗೆ ಅಷ್ಟು ಒಳ್ಳೆಯತನ ಬರಲಿಲ್ಲ.

ಮುಂದಿನ ವರ್ಷ ಅವಳ ಗಂಡನಿಗೆ ದೂರದ ಬುರೈದಾ ಊರಿಗೆ ವರ್ಗವಾಯಿತು. ಹೊರಡುವ ದಿನ ಗಂಡ ಕೆಳಗಿಳಿದು ಅವರ ಪೆಟ್ಟಿಗೆಗಳನ್ನು ಲಾರಿಗೆ ಏರಿಸಲು ಕೈ ಕೊಟ್ಟರು, ನಾನು ತಡೆಯಲಿಲ್ಲ. ಮಗಳೂ ಹೋದಳು. ನಾನೊಬ್ಬಳೇ ಮನೆಯಲ್ಲಿದ್ದಾಗ ಬಾಗಿಲು ಬಡಿಯಿತು. ಬಾಗಿಲ ಕಿಂಡಿಯಿಂದ ನೋಡಿದೆ. ಅವಳು, ಅಬಾಯಾ ಹಾಕಿಕೊಂಡು, ಕೈಯಲ್ಲಿ ಮುಚ್ಚಿದ ಒಂದು ಪಾತ್ರೆ ಹಿಡಿದು ನಿಂತಿದ್ದಳು. ಗಂಜಿಯೋ, ಪಾಯಸವೋ. ಮತ್ತೆ ಬಡಿದಳು. ನನ್ನ ಹೆಸರು ಹಿಡಿದು ಕರೆದಳು, ನಾನು ಒಳಗಿರುವುದು ತನಗೆ ಗೊತ್ತೆಂದಳು. ನಮ್ಮಿಬ್ಬರ ನಡುವೆ ಒಂದು ಮರದ ಹಲಗೆಯಷ್ಟೇ ದೂರ, ಅವಳು ಉಸಿರು ಬಿಡುವುದು ನನಗೆ ಕೇಳುತ್ತಿತ್ತು. ಚಿಲಕದ ಮೇಲೆ ನನ್ನ ಕೈ ಇತ್ತು. ತೆಗೆಯಲಿಲ್ಲ.

ಅವಳು ಪಾತ್ರೆಯನ್ನು ಹಿಡಿದುಕೊಂಡೇ ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ಲಾರಿ ಹೊರಟ ಸದ್ದು ಕೇಳಿಸಿತು. ನಾನು ಒಳಗೆ ಹೋಗಿ ಏಲಕ್ಕಿ ಜಜ್ಜಿ ಚಾ ಮಾಡಿದೆ, ಬಾಲ್ಕನಿಯ ಬಾಗಿಲು ತೆರೆದಿಟ್ಟು ಕುಳಿತು ಕುಡಿದೆ. ಮಗಳು ಮೇಲೆ ಬಂದು, "ಆಂಟಿ ನಿಮ್ಮನ್ನ ಕೇಳಿದ್ರು," ಎಂದಳು. ನಾನು ಹೂಂ ಎಂದೆ. ಅವಳಿಗೂ ಅರ್ಧ ಲೋಟ ಚಾ ಬಗ್ಗಿಸಿ ಕೊಟ್ಟೆ.